ನನ್ನ ರಿಟೈರ್‌ಮೆಂಟ್‌ಗಿಂತ ಮೊದಲು ಅಪ್ಪಾಜಿಯ ರಿಟೈರ್‌ಮೆಂಟ್

ಕಳೆದ ನವೆಂಬರ್‌ನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಮುಗಿದ ಮೇಲೆ ನಾಲ್ಕೈದು ಜನ ಬಿಸಿಬೇಳೆಬಾತಿನ ಪಾತ್ರೆ ತೊಳೆಯುತ್ತಾ ನಿಂತಿದ್ದೆವು. ಎರಡು ವರ್ಷದ ಹಿಂದೆ ಇಲ್ಲೇ ಎಂ.ಎಸ್. ಮುಗಿಸಿ ಈಗ ಕೆಲಸದಲ್ಲಿರುವ ಸೀನಿಯರ್ ಒಬ್ಬರು ಕೈ ಒರೆಸಿಕೊಂಡು ಫೋನ್ ತೆಗೆದು, "ನೋಡ್ರಪ್ಪ, ನಾನು 42ಕ್ಕೆ ರಿಟೈರ್" ಅಂದರು. ಫೋನಿನಲ್ಲಿ ಒಂದು ಕ್ಯಾಲ್ಕುಲೇಟರ್. ಸಂಬಳ, ಖರ್ಚು, ಉಳಿತಾಯ ಹಾಕಿದರೆ ಯಾವ ವಯಸ್ಸಿಗೆ ಕೆಲಸ ಬಿಡಬಹುದು ಅಂತ ಹೇಳುತ್ತೆ. ಪಾತ್ರೆ ಅಲ್ಲೇ ಬಿಟ್ಟು ಎಲ್ಲರೂ ಫೋನ್ ಸುತ್ತ ಸೇರಿದೆವು. "ನಿನ್ನ ನಂಬರ್ ಎಷ್ಟು?" "ನಿಂದು?" ಅಂತ ಅರ್ಧ ಗಂಟೆ ಅದೇ ಮಾತು.

ನಾನು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಎಕ್ಸೆಲ್ ಶೀಟ್ ಅಂದ್ರೆ ಪ್ರಾಣ. ಅವತ್ತು ರಾತ್ರಿಯೇ ನನ್ನದೇ ಒಂದು ಶೀಟ್ ಮಾಡಿದೆ. ಇನ್ನೂ ಸಿಗದ ಕೆಲಸದ ಸಂಬಳ, ಇನ್ನೂ ಬಾಡಿಗೆಗೆ ತಗೊಳ್ಳದ ಮನೆಯ ಖರ್ಚು ಎಲ್ಲ ಹಾಕಿದೆ. ಉತ್ತರ 44 ಬಂತು. ನಂಗೀಗ 24. ಇನ್ನು ಇಪ್ಪತ್ತೇ ವರ್ಷ! ಖುಷಿಯಿಂದ ಮಲಗಿದೆ.

ಅದಾಗಿ ಎರಡು ವಾರಕ್ಕೆ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಅಪ್ಪಾಜಿಗೆ ಫೋನ್ ಮಾಡಿದೆ. ಊರಲ್ಲಿ, ಅಂದರೆ ಹರಿಹರದಲ್ಲಿ, ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಹಿಂದೆ ಲಾರಿ ಹಾರ್ನ್ ಕೇಳಿಸುತ್ತಿತ್ತು. ಯಾರೋ "ಲೋಡ್ ಎಷ್ಟು ಅಂತ ಬರ್ಕೊಳ್ಳಿ ಸಾರ್" ಅಂತ ಕೂಗುತ್ತಿದ್ದರು.

"ಎಲ್ಲಿದ್ದೀರಾ ಅಪ್ಪಾಜಿ?"

"ಇಲ್ಲೇ ಹೊರಗೆ ಬಂದಿದ್ದೆ. ಆಮೇಲೆ ಮಾಡ್ತೀನಮ್ಮ."

ಅಮ್ಮನಿಗೆ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಹೇಳಬೇಡ ಅಂದಿದ್ರು" ಅಂತ ಶುರು ಮಾಡಿದಳು. ಅಪ್ಪಾಜಿ ಖಾಸಗಿ ಕಾರ್ಖಾನೆಯೊಂದರಲ್ಲಿ 31 ವರ್ಷ ದುಡಿದು 58ಕ್ಕೆ ನಿವೃತ್ತರಾದವರು. ಈಗ 61. ಜುಲೈನಿಂದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯೋಕೆ ಹೋಗ್ತಿದ್ದಾರೆ. ಸಂಬಳ ತಿಂಗಳಿಗೆ 18 ಸಾವಿರ. ಅದರಲ್ಲಿ 15 ಸಾವಿರ ನನ್ನ ಎಜುಕೇಶನ್ ಲೋನಿನ ಬಡ್ಡಿಗೆ ಹೋಗುತ್ತೆ. "ಬಡ್ಡಿ ಬೆಳೀತಾ ಹೋದ್ರೆ ಆಮೇಲೆ ಅವಳಿಗೆ ಹೊರೆ ಆಗುತ್ತೆ ಅಂತಾರೆ" ಅಂದಳು ಅಮ್ಮ.

ಫೋನ್ ಇಟ್ಟು ಶೀಟ್ ತೆಗೆದು ನೋಡಿದೆ. ಅದರಲ್ಲಿ ಜಿಮ್‌ಗೆ ಒಂದು ಸಾಲು ಇತ್ತು, ನೆಟ್‌ಫ್ಲಿಕ್ಸ್‌ಗೆ ಒಂದು ಸಾಲು ಇತ್ತು. ಅಪ್ಪಾಜಿಗೆ ಒಂದೂ ಸಾಲು ಇರಲಿಲ್ಲ. ನಾನು 44ಕ್ಕೆ ಕೆಲಸ ಬಿಡುವ ಲೆಕ್ಕ ಹಾಕುವ ಹೊತ್ತಿಗೆ, ನನಗೋಸ್ಕರ ಅವರು 61ಕ್ಕೆ ಮತ್ತೆ ಕೆಲಸಕ್ಕೆ ಸೇರಿದ್ದರು.

ಈ ಲೇಖನದಲ್ಲಿ ನಾನು ಹೇಳಬೇಕಾಗಿರೋದು ಇಷ್ಟೇ: ಸಾಲ ಮಾಡಿ ಓದೋಕೆ ಬಂದ ನಮ್ಮಂಥವರ ಆರ್ಥಿಕ ಸ್ವಾತಂತ್ರ್ಯದ ಲೆಕ್ಕ ನಮ್ಮ ರಿಟೈರ್‌ಮೆಂಟ್ ವಯಸ್ಸಿನಿಂದ ಶುರುವಾಗಬಾರದು. ಮನೆಯಲ್ಲಿ ನಮ್ಮ ಸಾಲದ ಕಾರಣಕ್ಕೆ ದುಡಿಯುತ್ತಿರುವವರು ಯಾವತ್ತು ಕೆಲಸ ಬಿಡಬಹುದು ಅನ್ನೋದರಿಂದ ಶುರುವಾಗಬೇಕು.

ಈ ಫೈರ್ ಅಂದ್ರೆ ಏನು?

ಗೊತ್ತಿಲ್ಲದವರಿಗೆ ಎರಡು ಮಾತು. ಫೈನಾನ್ಷಿಯಲ್ ಇಂಡಿಪೆಂಡೆನ್ಸ್, ರಿಟೈರ್ ಅರ್ಲಿ ಅನ್ನೋದರ ಮೊದಲಕ್ಷರಗಳನ್ನು ಸೇರಿಸಿ ಫೈರ್ ಅಂತಾರೆ. ಸೂತ್ರ ಸುಲಭ. ನಿಮ್ಮ ವರ್ಷದ ಖರ್ಚಿನ 25 ಪಟ್ಟು ದುಡ್ಡು ಕೂಡಿಟ್ಟರೆ, ಅದರಿಂದ ಮೊದಲ ವರ್ಷ 4 ಪರ್ಸೆಂಟ್ ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಷ್ಟು ಹೆಚ್ಚಿಸಿಕೊಂಡು ಬದುಕಬಹುದು. ವರ್ಷಕ್ಕೆ 48,000 ಡಾಲರ್ ಖರ್ಚಾದರೆ ನಂಬರ್ 12 ಲಕ್ಷ ಡಾಲರ್. ಕೈಗೆ ಬರುವ ಸಂಬಳದಲ್ಲಿ ಅರ್ಧ ಉಳಿಸಿ, ಬೆಲೆಯೇರಿಕೆ ಕಳೆದು ವರ್ಷಕ್ಕೆ 5 ಪರ್ಸೆಂಟ್ ಬೆಳೆದರೆ, ಸೊನ್ನೆಯಿಂದ ಅಲ್ಲಿಗೆ ತಲುಪಲು ಸುಮಾರು 17 ವರ್ಷ ಸಾಕು. ನಮ್ಮ ಸೀನಿಯರ್‌ರ 42 ಬಂದಿದ್ದು ಹಾಗೆ.

ಈ 4 ಪರ್ಸೆಂಟ್ ಸುಮ್ಮನೆ ಬಂದಿದ್ದಲ್ಲ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಅಮೆರಿಕದ ಷೇರು ಮತ್ತು ಬಾಂಡುಗಳ ಹಳೆಯ ಅಂಕಿಅಂಶ ತೆಗೆದು ಈ ಲೆಕ್ಕ ಮಾಡಿದರು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ಯೂನಿವರ್ಸಿಟಿಯ ಮೂವರು ಪ್ರೊಫೆಸರ್‌ಗಳು ಇದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿದರು. ಲೆಕ್ಕ ಗಟ್ಟಿಯಾಗಿಯೇ ಇದೆ. ಆದರೆ ಅವರು ಮುಖ್ಯವಾಗಿ ನೋಡಿದ್ದು 30 ವರ್ಷದ ನಿವೃತ್ತಿಯನ್ನು, ಅಂದರೆ 65ಕ್ಕೆ ಕೆಲಸ ಬಿಟ್ಟು 95ರ ತನಕ ಬದುಕುವವರನ್ನು. 42ಕ್ಕೆ ಬಿಟ್ಟರೆ ಅದೇ ದುಡ್ಡು 50 ವರ್ಷ ಬಾಳಬೇಕು.

ಫೈರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸಂಬಳ ಎಷ್ಟು ಅನ್ನೋದಕ್ಕಿಂತ ಉಳಿಸೋದು ಎಷ್ಟು ಅನ್ನೋದು ಮುಖ್ಯ ಅಂತ ಅದು ಕಲಿಸುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಜ್ಜಿ ಹೇಳ್ತಿದ್ದ ಮಾತಿಗೇ ಒಂದು ಫಾರ್ಮುಲಾ ಸಿಕ್ಕಂತಾಯ್ತು. ನನ್ನ ತಕರಾರು ಅದರ ಮೇಲಲ್ಲ. ಇಲ್ಲಿಯವರಿಗೆ ಅಂತ ಮಾಡಿದ ಕ್ಯಾಲ್ಕುಲೇಟರಿಗೆ ನಮ್ಮ ಜೀವನವನ್ನು ಹಾಗೇ ತುಂಬಿಸೋದರ ಮೇಲೆ.

ಕ್ಯಾಲ್ಕುಲೇಟರ್ ಕೇಳದ ಮೂರು ಪ್ರಶ್ನೆ

ಮೊದಲನೆಯದು, ವೀಸಾ. ಇದು ಸ್ವಲ್ಪ ತಮಾಷೆಯೂ ಹೌದು. ಎಚ್-1ಬಿ ವೀಸಾದಲ್ಲಿ ಇರುವವರು ಇಲ್ಲಿ ಬೇಗ ರಿಟೈರ್ ಆಗೋಕೇ ಬರಲ್ಲ. ಕೆಲಸ ಇದ್ದರೆ ಮಾತ್ರ ಇಲ್ಲಿರಬಹುದು. ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಬೇರೆ ವೀಸಾ ದಾರಿ ನೋಡಬೇಕು, ಇಲ್ಲವೇ ಹೊರಡಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಸರಿ, ಆದರೆ ಒಂದೊಂದು ದೇಶಕ್ಕೆ 7 ಪರ್ಸೆಂಟ್ ಮಿತಿ ಇರೋದರಿಂದ ಭಾರತದವರ ಸರದಿ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ನಮ್ಮಂಥ ಸ್ಟೆಮ್ ವಿದ್ಯಾರ್ಥಿಗಳಿಗೆ ಅದಕ್ಕೂ ಮೊದಲು ಒಪಿಟಿಯ 12 ತಿಂಗಳು, ಆಮೇಲೆ 24 ತಿಂಗಳ ವಿಸ್ತರಣೆ. ಮೊದಲ ಭಾಗದಲ್ಲಿ ಕೆಲಸವಿಲ್ಲದೆ ಇರಬಹುದಾದ ದಿನ ಒಟ್ಟು 90, ವಿಸ್ತರಣೆಯೂ ಸೇರಿದರೆ 150. ಅದರ ನಂತರ ಲಾಟರಿ. ಇಪ್ಪತ್ತು ವರ್ಷ ಡಾಲರ್‌ನಲ್ಲಿ ಸಂಬಳ ಬರುತ್ತೆ ಅಂತ ಶೀಟಿನಲ್ಲಿ ಒಂದೇ ಗೆರೆ ಎಳೆಯೋದು ನಾನು ನನಗೇ ಹೇಳಿಕೊಂಡ ಸುಳ್ಳು.

ಎರಡನೆಯದು, ನಾವು ಯಾವ ಊರಲ್ಲಿ ರಿಟೈರ್ ಆಗ್ತೀವಿ? ಊರಿಗೆ ವಾಪಸ್ ಹೋಗೋದಾದರೆ ಖರ್ಚು ರೂಪಾಯಿಯಲ್ಲಿ. ಅದು ಒಳ್ಳೆಯದೇ, ನಂಬರ್ ಚಿಕ್ಕದಾಗುತ್ತೆ. ಆದರೆ ಬೆಲೆಯೇರಿಕೆಯ ಲೆಕ್ಕವೂ ಬದಲಾಗುತ್ತೆ. ಅಮೆರಿಕದ ಫೆಡರಲ್ ರಿಸರ್ವ್ ಇಟ್ಟುಕೊಂಡಿರುವ ಗುರಿ 2 ಪರ್ಸೆಂಟ್, ನಮ್ಮ ರಿಸರ್ವ್ ಬ್ಯಾಂಕಿನದು 4, ಅದೂ 2 ಹೆಚ್ಚುಕಮ್ಮಿ. ಅಮೆರಿಕದ ಇತಿಹಾಸದಿಂದ ತೆಗೆದ 4 ಪರ್ಸೆಂಟ್ ಸೂತ್ರ ಹರಿಹರದ ಸಂತೆಯಲ್ಲಿ ಹಾಗೇ ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸೋಷಿಯಲ್ ಸೆಕ್ಯುರಿಟಿಯೂ ಅಷ್ಟೇ. ಎಚ್-1ಬಿಗೆ ಹೋದ ಮೇಲೆ ಅದಕ್ಕೂ ಮೆಡಿಕೇರ್‌ಗೂ ಸೇರಿ ಸಂಬಳದಿಂದ 7.65 ಪರ್ಸೆಂಟ್ ಕಡಿತವಾಗುತ್ತೆ. ಆದರೆ ಪೆನ್ಶನ್ ಹಕ್ಕು ಬರಬೇಕಾದರೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಎರಡೂ ದೇಶದ ದುಡಿಮೆಯ ವರ್ಷಗಳನ್ನು ಸೇರಿಸಿ ಎಣಿಸುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲ.

ಮೂರನೆಯದು, ಮನೆ. ಇಲ್ಲಿಯ ನನ್ನ ಕ್ಲಾಸ್‌ಮೇಟ್‌ಗಳಿಗೂ ಸಾಲ ಇದೆ, ಕೆಲವರಿಗೆ ನನಗಿಂತ ಜಾಸ್ತಿಯೇ ಇದೆ. ಆದರೆ ನನಗೆ ಗೊತ್ತಿರುವವರಲ್ಲಿ ಯಾರೂ ಅಪ್ಪ ಅಮ್ಮ ವಾಸವಿರುವ ಮನೆಯ ಪತ್ರ ಅಡ ಇಟ್ಟು ಓದುತ್ತಿಲ್ಲ. ನಮ್ಮಲ್ಲಿ ಎಷ್ಟೋ ಜನರದ್ದು ಹಾಗೇ. ನನ್ನದು 38 ಲಕ್ಷ, ಬಡ್ಡಿ 10.5 ಪರ್ಸೆಂಟ್, ಅಡವಿಗೆ ಅಪ್ಪಾಜಿ ಕಟ್ಟಿಸಿದ ಮನೆ. "ಹೆಣ್ಣುಮಗಳಿಗೆ ಇಷ್ಟು ಸಾಲ ಯಾಕೆ, ಅದೇ ದುಡ್ಡಲ್ಲಿ ಮದುವೆ ಮಾಡಬಹುದಿತ್ತು" ಅಂತ ಅಂದವರು ಇದ್ದಾರೆ. ಅಪ್ಪಾಜಿ ಯಾರಿಗೂ ಉತ್ತರ ಕೊಡಲಿಲ್ಲ, ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರು.

ಅವರಿಗೆ ಬರುವ ಪೆನ್ಶನ್ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಖಾಸಗಿ ಕೆಲಸದವರ ಪಿಎಫ್ ಪೆನ್ಶನ್ 1995ರ ಯೋಜನೆಯದು. ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ ಒಂದು ಮಿತಿಯವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಮಿತಿ 2014ರ ಸೆಪ್ಟೆಂಬರ್‌ವರೆಗೆ 6,500 ರೂಪಾಯಿ ಇತ್ತು, ಆಮೇಲೆ 15,000 ಆಯಿತು. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪೆನ್ಶನ್. ಜೀವನಪೂರ್ತಿ ಕಾರ್ಖಾನೆಯಲ್ಲಿ ದುಡಿದವರ ಕೈಗೆ ನಾಲ್ಕೈದು ಸಾವಿರ ಯಾಕೆ ಬರುತ್ತೆ ಅಂತ ನನಗೆ ಗೊತ್ತಾಗಿದ್ದು ಈ ಲೆಕ್ಕ ಮಾಡಿದ ಮೇಲೆ. ಒಟ್ಟಿಗೆ ಬಂದ ಪಿಎಫ್ ದುಡ್ಡಿನಲ್ಲಿ ಒಂದಷ್ಟು ನನ್ನ ಮೊದಲ ಸೆಮಿಸ್ಟರ್‌ಗೆ ಹೋಯಿತು.

ಗಂಟೆಯ ಲೆಕ್ಕ

ಫೈರ್ ಬಗ್ಗೆ ಓದುವವರು ಹೆಸರಿಸುವ ಹಳೆಯ ಪುಸ್ತಕ ಒಂದಿದೆ. ವಿಕಿ ರಾಬಿನ್ ಮತ್ತು ಜೋ ಡೊಮಿಂಗ್ವೆಜ್ 1992ರಲ್ಲಿ ಬರೆದ 'ಯುವರ್ ಮನಿ ಆರ್ ಯುವರ್ ಲೈಫ್'. ಅದರ ಮುಖ್ಯ ವಿಚಾರ, ಪ್ರತಿ ಖರ್ಚನ್ನೂ ಅದಕ್ಕೋಸ್ಕರ ದುಡಿದ ಗಂಟೆಗಳಲ್ಲಿ ಎಣಿಸಿ ಅನ್ನೋದು. ನಾನು ಕ್ಯಾಂಪಸ್‌ನಲ್ಲಿ ಗಂಟೆಗೆ 15 ಡಾಲರ್‌ಗೆ ದುಡಿಯುತ್ತೇನೆ. 60 ಡಾಲರ್ ಶೂ ಅಂದ್ರೆ ನಾಲ್ಕು ಗಂಟೆ. ಸರಿ.

ಅದೇ ಲೆಕ್ಕವನ್ನು ಅಪ್ಪಾಜಿಯ ಗಂಟೆಯಲ್ಲಿ ಮಾಡಿದೆ. ತಿಂಗಳಿಗೆ 26 ದಿನ, ದಿನಕ್ಕೆ 9 ಗಂಟೆ, 18 ಸಾವಿರ. ಗಂಟೆಗೆ 77 ರೂಪಾಯಿ. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ ಲೈಬ್ರರಿ ಪಕ್ಕದ 6 ಡಾಲರ್ ಕಾಫಿ ಅವರ ಆರೂವರೆ ಗಂಟೆ. ಇದನ್ನು ಹೇಳಿ ನಿಮ್ಮ ಕಾಫಿ ಕಹಿ ಮಾಡೋ ಉದ್ದೇಶ ನಂಗಿಲ್ಲ, ನಾನೂ ಕುಡಿಯೋದು ಬಿಟ್ಟಿಲ್ಲ. ಆದರೆ ಈ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ನಾನು ಇಲ್ಲಿ ಕೆಲಸಕ್ಕೆ ಸೇರಿ ತಿಂಗಳಿಗೆ 180 ಡಾಲರ್ ಕಳಿಸಿದರೆ ಅಪ್ಪಾಜಿ ಬಡ್ಡಿಗೆ ಕಟ್ಟುವ 15 ಸಾವಿರ ಬಂದುಬಿಡುತ್ತೆ. ನನ್ನ 12 ಗಂಟೆಯ ಕೂಲಿ ಅವರ ತಿಂಗಳ ದುಡಿಮೆಯನ್ನು ನಿಲ್ಲಿಸಬಲ್ಲದು. ಯಾವ ಇಂಡೆಕ್ಸ್ ಫಂಡೂ ಇಷ್ಟು ಲಾಭ ಕೊಡಲ್ಲ.

ಹಾಗಾದರೆ ಯಾವ ಕ್ರಮದಲ್ಲಿ?

ಇದು ನನ್ನ ಅಭಿಪ್ರಾಯ, ನಿಮ್ಮ ಪರಿಸ್ಥಿತಿ ಬೇರೆ ಇರಬಹುದು. ನಾನು ನನ್ನ ಶೀಟನ್ನು ಹೀಗೆ ತಿದ್ದಿದ್ದೇನೆ.

ಮೊದಲು, ಇಲ್ಲಿಯೇ ಬ್ಯಾಂಕಿನಲ್ಲಿ ಐದು ತಿಂಗಳ ಖರ್ಚು ಮತ್ತು ಊರಿಗೆ ಒಂದು ವಿಮಾನದ ಟಿಕೆಟ್‌ನಷ್ಟು ದುಡ್ಡು. ಐದು ತಿಂಗಳು ಯಾಕೆ ಅಂದ್ರೆ ಆ 150 ದಿನ. ಕೆಲಸ ಹೋದರೆ ಮೊದಲು ಸಿಕ್ಕ ಕೆಲಸಕ್ಕೆ ಹೆದರಿ ಹಾರಬಾರದು. ನನ್ನ ಮಟ್ಟಿಗೆ ಆರ್ಥಿಕ ಸ್ವಾತಂತ್ರ್ಯದ ಮೊದಲ ಮೆಟ್ಟಿಲು ಇದೇ.

ಎರಡನೆಯದು, ಅಪ್ಪ ಅಮ್ಮನ ಹೆಲ್ತ್ ಇನ್ಶೂರೆನ್ಸ್. ಬಿಪಿ, ಶುಗರ್ ಮೊದಲೇ ಇದ್ದರೆ ಪಾಲಿಸಿ ತಗೊಂಡ ಮೇಲೂ ಅವುಗಳ ಚಿಕಿತ್ಸೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆದ್ದರಿಂದ ಕೆಲಸ ಸಿಕ್ಕ ಮೇಲೆ ನೋಡೋಣ ಅನ್ನೋದು ತಪ್ಪು, ಇವತ್ತೇ ವಿಚಾರಿಸಿ. ಒಂದು ಸಲ ಆಸ್ಪತ್ರೆಗೆ ಸೇರಿದರೆ ನಮ್ಮ ಇಪ್ಪತ್ತು ವರ್ಷದ ಗ್ರಾಫ್ ಒಂದೇ ವಾರದಲ್ಲಿ ನೆಲಕ್ಕೆ ಬರುತ್ತೆ.

ಮೂರನೆಯದು, ಸಾಲ. ನಡುವೆ ಬಡ್ಡಿ ಕಟ್ಟದೇ ಬಿಟ್ಟರೆ ನನ್ನ 38 ಲಕ್ಷ ಕಂತು ಶುರುವಾಗುವ ಹೊತ್ತಿಗೆ 45 ಲಕ್ಷದ ಹತ್ತಿರ ಹೋಗುತ್ತೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 61 ಸಾವಿರ, ಒಟ್ಟು ಕಟ್ಟೋದು 73 ಲಕ್ಷ. ಮೂರೇ ವರ್ಷದಲ್ಲಿ ತೀರಿಸಿದರೆ ಕಂತು 1 ಲಕ್ಷ 46 ಸಾವಿರ, ಅಂದರೆ 1,720 ಡಾಲರ್, ಒಟ್ಟು 53 ಲಕ್ಷಕ್ಕೂ ಕಡಿಮೆ. ಇಪ್ಪತ್ತು ಲಕ್ಷದ ವ್ಯತ್ಯಾಸ! ಮೂರು ವರ್ಷ ರೂಮ್‌ಮೇಟ್‌ಗಳ ಜೊತೆಗೇ ಇದ್ದು, ಹೊಸ ಕಾರಿನ ಆಸೆ ಬಿಟ್ಟರೆ ಇದು ಆಗದ ಮಾತಲ್ಲ.

ಇಲ್ಲಿ ಒಂದು ವಾದ ಬರುತ್ತೆ, ಸೀನಿಯರೇ ಹೇಳಿದ್ದು. "ಸಾಲ ರೂಪಾಯಿಯಲ್ಲಿದೆ, ರೂಪಾಯಿ ಇಳೀತಾ ಇರುತ್ತೆ. ಡಾಲರ್ ಲೆಕ್ಕದಲ್ಲಿ ನಿನ್ನ ಬಡ್ಡಿ 7 ಪರ್ಸೆಂಟ್ ಅಷ್ಟೇ. ಆ ದುಡ್ಡನ್ನು ಷೇರಿಗೆ ಹಾಕು, ಸಾಲ ನಿಧಾನಕ್ಕೆ ತೀರಿಸು." ಗಣಿತ ತಪ್ಪಿಲ್ಲ. ಆದರೆ ಮೂರು ವಿಷಯ. ಷೇರಿನ ಲಾಭ ಬರಬಹುದು, ಬಡ್ಡಿ ಬಂದೇ ಬರುತ್ತೆ. ನಾಳೆ ನಾನು ವಾಪಸ್ ಹೋದರೆ ನನ್ನ ಸಂಬಳವೂ ರೂಪಾಯಿಯಲ್ಲೇ, ಆಗ 61 ಸಾವಿರದ ಕಂತು ಕುತ್ತಿಗೆಗೆ ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಅಡವಿಗೆ ಇರೋದು ನನ್ನ ಆಸ್ತಿ ಅಲ್ಲ. ನನ್ನ ಷೇರು ಮುಳುಗಿದರೆ ನಾನು ತಡೆದುಕೊಳ್ಳಬಲ್ಲೆ. ಅವರ ಮನೆ ಇಟ್ಟು ಆ ರಿಸ್ಕ್ ತಗೊಳ್ಳೋ ಹಕ್ಕು ನನಗಿಲ್ಲ.

ಒಂದು ವಿನಾಯಿತಿ ಇದೆ. ಕಂಪನಿ 401ಕೆ ಖಾತೆಗೆ ತನ್ನ ಪಾಲು ಸೇರಿಸುತ್ತಿದ್ದರೆ ಅಷ್ಟಕ್ಕೆ ಮಾತ್ರ ಸಾಲದ ನಡುವೆಯೂ ಹಾಕಿ, ಅದು ಬಿಟ್ಟಿ ಸಿಗುವ ದುಡ್ಡು. ಆ ಪಾಲು ಪೂರ್ತಿ ನಿಮ್ಮದಾಗಲು ಎಷ್ಟು ವರ್ಷ ಇರಬೇಕು ಅಂತ ಮೊದಲೇ ಕೇಳಿ. ಐವತ್ತೊಂಬತ್ತೂವರೆಗೆ ಮೊದಲು ತೆಗೆದರೆ ತೆರಿಗೆಯ ಮೇಲೆ 10 ಪರ್ಸೆಂಟ್ ದಂಡ ಅನ್ನೋದೂ ನೆನಪಿರಲಿ.

ಇಷ್ಟಾದ ಮೇಲೆ ಫೈರ್. ಆಗ 25 ಪಟ್ಟು ಹಾಕಿ, 30 ಪಟ್ಟು ಹಾಕಿ, ನಾನೂ ಜೊತೆಗೆ ಕೂರ್ತೀನಿ.

ಈಗಲೇ ಮಾಡಬಹುದಾದ ಎರಡು ಸಣ್ಣ ಕೆಲಸವೂ ಇವೆ. ಎಫ್-1ನಲ್ಲಿ ಬಂದವರು ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಆ 7.65 ಪರ್ಸೆಂಟ್ ಕಟ್ಟಬೇಕಾಗಿಲ್ಲ. ನಿಮ್ಮ ಪೇ ಸ್ಲಿಪ್‌ನಲ್ಲಿ ಕಡಿತ ಆಗಿದ್ದರೆ ವಾಪಸ್ ಕೇಳಿ. ಹಾಗೇ, ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು, ಬೇರೆ ಬಹುತೇಕ ದೇಶದ ವಿದ್ಯಾರ್ಥಿಗಳಿಗೆ ಅದಿಲ್ಲ. 2024ರ ಆದಾಯಕ್ಕೆ ಅದು 14,600 ಡಾಲರ್. ಕ್ಯಾಂಪಸ್ ಕೆಲಸದ ಸಂಬಳ ಹೆಚ್ಚುಕಮ್ಮಿ ಪೂರ್ತಿ ಅದರೊಳಗೇ ಬರುತ್ತೆ. ರಿಟರ್ನ್ ಫೈಲ್ ಮಾಡುವಾಗ ಇದನ್ನು ಬಿಟ್ಟವರನ್ನು ನಮ್ಮ ಗುಂಪಿನಲ್ಲೇ ನೋಡಿದ್ದೇನೆ.

ಇದು ಋಣದ ಮಾತಾ?

ನನ್ನ ರೂಮ್‌ಮೇಟ್ ಇದನ್ನು ಓದಿ ಒಂದು ಮಾತು ಹೇಳಿದಳು. "ನಮ್ಮ ಅಪ್ಪ ಅಮ್ಮ ವಾಪಸ್ ಬರಲಿ ಅಂತ ದುಡ್ಡು ಹಾಕಿಲ್ಲ ಕಣೇ. ಹೀಗೆ ಬರೆದರೆ ಎಲ್ಲರಿಗೂ ತಪ್ಪಿತಸ್ಥ ಭಾವನೆ ಬರುತ್ತೆ." ಅವಳ ಮಾತಿನಲ್ಲಿ ಹುರುಳಿದೆ. ನಮ್ಮಲ್ಲಿ ಮಕ್ಕಳನ್ನು ಋಣದ ಹೆಸರಲ್ಲಿ ಕಟ್ಟಿಹಾಕುವ ಮನೆಗಳೂ ಇವೆ. ಎಂಜಿನಿಯರಿಂಗ್ ಬೇಡ ಅಂದವರು, ಊರು ಬೇಡ ಅಂದವರು ಅದರ ನೋವು ತಿಂದಿದ್ದಾರೆ. ಕೆಲವರ ಮನೆಯಲ್ಲಿ ಅನುಕೂಲ ಇರಬಹುದು, ಅವರ ಶೀಟಿನಲ್ಲಿ ಈ ಸಾಲು ಸೊನ್ನೆ ಇರಬಹುದು. ಇರಲಿ. ಸೊನ್ನೆ ಅಂತ ಗೊತ್ತಿದ್ದು ಬರೆಯೋದು ಬೇರೆ, ಕೇಳದೇ ಬಿಡೋದು ಬೇರೆ. ನಾನು ಒಂದೂವರೆ ವರ್ಷ ಕೇಳಿರಲಿಲ್ಲ. "ಎಲ್ಲ ಸರಿ ಇದೆಯಾ?" "ಹೂಂ, ಸರಿ ಇದೆ." ಅಷ್ಟಕ್ಕೇ ಬಿಟ್ಟಿದ್ದೆ.

ಈ ಬುಕ್‌ಲೆಟ್ ಓದಿ ಮುಗಿಸಿದ ಮೇಲೆ ಮನೆಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಸಾಲ ಈಗ ಎಷ್ಟಿದೆ? ಬಡ್ಡಿ ಯಾರು ಕಟ್ಟುತ್ತಿದ್ದಾರೆ, ಯಾವ ದುಡ್ಡಿನಿಂದ? ನಿಮಗೆ ಇನ್ಶೂರೆನ್ಸ್ ಇದೆಯಾ? ಬೇರೆ ಎಲ್ಲಾದರೂ ಕೈಸಾಲ, ಚೀಟಿ, ಒಡವೆ ಅಡ ಇದೆಯಾ? ಮೊದಲ ಸಲ "ನಿಂಗ್ಯಾಕೆ ಅದೆಲ್ಲ, ಓದ್ಕೋ" ಅಂತಾರೆ. ಎರಡನೇ ಸಲ ಕೇಳಿ.

ನಾನು ಬರುವ ಮೇನಲ್ಲಿ ಪದವಿ ಮುಗಿಸುತ್ತೇನೆ. ಆಫರ್ ಇನ್ನೂ ಸಿಕ್ಕಿಲ್ಲ. ಹೆದರಿಕೆ ಇದೆ. ಹಾಗಾಗಿ ಶೀಟಿನಲ್ಲಿ ಈಗ ಎರಡು ಪುಟ ಮಾಡಿದ್ದೇನೆ, ಇಲ್ಲಿ ಕೆಲಸ ಸಿಕ್ಕರೆ ಒಂದು, ಬೆಂಗಳೂರಿಗೆ ವಾಪಸ್ ಹೋದರೆ ಇನ್ನೊಂದು. ಎರಡರಲ್ಲೂ ಮೊದಲ ಸಾಲು ಒಂದೇ: ಮೊದಲ ಸಂಬಳದಿಂದ ಬಡ್ಡಿ ನನ್ನದು.

ಕಳೆದ ವಾರ ಅಪ್ಪಾಜಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ ನಕ್ಕರು.

"ಮನೇಲಿ ಕೂತು ಏನ್ ಮಾಡ್ಲಿ ಹೇಳು? ಇಲ್ಲಿ ನಾಲ್ಕು ಜನ ಮಾತಾಡೋಕೆ ಸಿಗ್ತಾರೆ."

"ಹೋಗಿ ಅಪ್ಪಾಜಿ, ಬೇಡ ಅನ್ನಲ್ಲ. ಆದ್ರೆ ಹೋಗೋಕೆ ಬೇಜಾರಾದ ದಿನ ಹೋಗಬೇಡಿ, ಅಷ್ಟೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸೋಮವಾರ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತಗೊಂಡು ಕಳಿಸ್ತೀನಿ, ನೋಡು" ಅಂದರು.

ಕಳಿಸಿದ್ದಾರೆ. ಶೀಟಿನ ಮೊದಲ ಸಾಲು ಈಗ ಅದೇ.

– ಎಂ.ಎಸ್. ಎರಡನೇ ವರ್ಷ, ಇಂಡಸ್ಟ್ರಿಯಲ್ ಎಂಜಿನಿಯರಿಂಗ್